ಮೀಸಲು ಮೊಣಕಾಲು

ಹೊಸ ಮಾಲೀಕರು ಬಂದ ವಾರವೇ ನಮ್ಮ ಹೋಟೆಲಿನ ನೆಲ ಒರೆಸುವ ಮಾಪುಗಳೆಲ್ಲ ಹಿಂದಿನ ಓಣಿಯ ಕಸದ ತೊಟ್ಟಿ ಸೇರಿದವು. ಕೋಲುಗಳು ಕೆಳಗೆ, ನೂಲಿನ ತಲೆಗಳು ಮೇಲೆ, ಎಲ್ಲವೂ ಒತ್ತಾಗಿ ನಿಂತಿದ್ದನ್ನು ನೋಡಿ ನಾನು ನಕ್ಕಿದ್ದೆ. ನಗುವ ವಿಷಯವಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಲಾಸ್ ಏಂಜಲೀಸಿನ ಪೇಟೆಯ ನಡುವೆ ನಮ್ಮ ಹೋಟೆಲು. ಹೊಸಬರು ಅದನ್ನು ಕೊಂಡವರೇ ಬಚ್ಚಲುಮನೆಗಳಿಗೆಲ್ಲ ಕಪ್ಪು ಮಾರ್ಬಲ್ ಹಾಕಿಸಿದರು. ಮೊದಲಿದ್ದ ಬಿಳಿ ಟೈಲ್ಸು ಪಾಪದ್ದು, ಯಾರು ಹೇಗೆ ಒರೆಸಿದರೂ ಸುಮ್ಮನಿರುತ್ತಿತ್ತು. ಈ ಕಪ್ಪು ಕಲ್ಲು ಶುದ್ಧ ಚಾಡಿಕೋರ. ಮಾಪು ಎಳೆದ ಗೆರೆಯನ್ನೂ ಒಣಗಿದ ನೀರಿನ ಹನಿಯನ್ನೂ ಬಾಗಿಲಲ್ಲಿ ನಿಂತವರಿಗೇ ಎತ್ತಿ ತೋರಿಸುತ್ತಿತ್ತು. ಅದಕ್ಕೇ ಇನ್ನು ಮೇಲೆ ಮಾಪು ಬೇಡ, ಎಲ್ಲರೂ ಮೊಣಕಾಲೂರಿ ಕೈಯಿಂದಲೇ ನೆಲ ಒರೆಸಬೇಕು ಎಂದು ಹೊಸ ಮ್ಯಾನೇಜರು ಮಿಸ್ಟರ್ ವಿಟ್ಲಾಕ್ ಅಪ್ಪಣೆ ಕೊಡಿಸಿದ. ಅವನ ಇಂಗ್ಲಿಷನ್ನು ನಮ್ಮ ಸ್ಪ್ಯಾನಿಷಿಗೆ ತಿರುಗಿಸಿ ಹೇಳಿದವಳು ಡೊನ್ಯಾ ಎರ್ಲಿಂಡಾ. ಡೊನ್ಯಾ ಎಂದರೆ ಅಮ್ಮಾವ್ರು. ನಮ್ಮ ಮೇಲ್ವಿಚಾರಕಿ, ಗಡಿಯಾಚೆಯ ಸಕಾತೆಕಾಸ್ ಕಡೆಯ ಹೆಂಗಸು. ಸೊಂಟಕ್ಕೆ ಬೀಗದ ಕೈಗಳ ಗೊಂಚಲು, ತುದಿಬೆರಳಲ್ಲಿ ಸದಾ ಯಾವುದಾದರೂ ಬೀರುವಿನ ಧೂಳು. ಒಂದು ಕಾಲದಲ್ಲಿ ತಾನೂ ನಮ್ಮ ಹಾಗೆ ಬೆಡ್‌ಶೀಟಿನ ಗಾಡಿ ತಳ್ಳಿದ್ದೆ ಎಂಬುದನ್ನು ಅವಳು ಮರೆತಿರಲಿಲ್ಲ, ನಮಗೆ ಮರೆಯಲು ಬಿಡುತ್ತಲೂ ಇರಲಿಲ್ಲ.

ಎಲ್ಲರೂ ಗೊಣಗುತ್ತಾ ಗಾಡಿಗಳ ಕಡೆ ಹೊರಟರು. ಒಟಿಲಿಯಾ ಮಾತ್ರ ನಿಂತಲ್ಲೇ ನಿಂತಳು.

"ನೆಲ ಒರೆಸ್ತೀನಿ ಡೊನ್ಯಾ. ಮೊಣಕಾಲು ಮಾತ್ರ ಊರಲ್ಲ" ಎಂದಳು.

"ಯಾಕೆ, ನಿನ್ನ ಮೊಣಕಾಲಿಗೇನು ಬೆಳ್ಳಿ ಕಟ್ಟು ಹಾಕಿಸಿದೀಯಾ?"

"ಅದು ನಂದಲ್ಲ. ಸಾನ್ ಹುವಾನಿನ ತಾಯಿಗೆ ಮೀಸಲಿಟ್ಟಿರೋದು."

ಸಾನ್ ಹುವಾನ್ ಊರಿನ ಗುಡಿಯ ಮಾತೆಗೆ ಹರಕೆ ಹೊತ್ತವರು ಮೊಣಕಾಲಲ್ಲೇ ಹೋಗಬೇಕೆಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೊನ್ಯಾ ಎರ್ಲಿಂಡಾ ಬೀಗದ ಕೈ ಗೊಂಚಲನ್ನು ಒಮ್ಮೆ ಕುಲುಕಿ, ತಾಯಿ ಸವೆದ ಮೊಣಕಾಲನ್ನೂ ಬೇಡ ಅನ್ನುವುದಿಲ್ಲ, ಹೋಗಿ ಕೆಲಸ ನೋಡು ಎಂದು ಅವಳನ್ನು ಅಟ್ಟಿದಳು.

ಒಟಿಲಿಯಾ ಮತ್ತು ನಾನು ಹಾಲಿಸ್ಕೋದ ಎತ್ತರದ ಸೀಮೆಯವರು, ಒಂದೇ ಊರಿನವರು. ಕೆಂಪು ಮಣ್ಣಿನಲ್ಲಿ ಒಟ್ಟಿಗೆ ಹೊರಳಾಡಿ ಬೆಳೆದವರು. ನನ್ನ ಹೆಸರು ರೆಫುಹಿಯೋ, ಕರೆಯುವುದು ಕುಕಾ ಎಂದು. ಅವಳ ಮಗಳು ನಯೇಲಿಯ ಜ್ಞಾನಸ್ನಾನದಲ್ಲಿ ನಾನೇ ಜ್ಞಾನತಾಯಿಯಾಗಿ ಮಗುವನ್ನು ಎತ್ತಿಕೊಂಡೆ. ಅಲ್ಲಿಂದ ನಾವಿಬ್ಬರೂ ಕೊಮಾದ್ರೆಗಳಾದೆವು, ಒಂದೇ ಮಗುವಿಗೆ ಇಬ್ಬರು ತಾಯಂದಿರು. ಅವತ್ತಿಗೆ ನಮ್ಮ ನಡುವಿನ ಏಕವಚನ ನಿಂತುಹೋಯಿತು. ಕೊಮಾದ್ರೆಯನ್ನು ನೀನು ಎನ್ನುವ ಹಾಗಿಲ್ಲ. ಬೈಯುವುದಿದ್ದರೂ ಬಹುವಚನದಲ್ಲೇ ಬೈಯಬೇಕು, ಆ ಕಷ್ಟ ಬೈದವರಿಗೇ ಗೊತ್ತು.

ನಯೇಲಿಗೆ ಮೂರು ವರ್ಷವಿದ್ದಾಗ ಜ್ವರ ಮಿದುಳಿಗೆ ಏರಿತ್ತು. ಆಸ್ಪತ್ರೆಯವರು ಮಗುವಿನ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು, ನಮ್ಮ ಮುಖ ನೋಡುವುದನ್ನು ಬಿಟ್ಟರು. ಡಾಕ್ಟರು ಮುಖ ತಪ್ಪಿಸಿದರೆ ಏನು ಅರ್ಥ ಎಂಬುದಕ್ಕೆ ಯಾವ ಭಾಷೆಯೂ ಬೇಕಿಲ್ಲ. ಒಟಿಲಿಯಾ ಆ ಆಸ್ಪತ್ರೆಯ ಮೊಗಸಾಲೆಯಲ್ಲೇ, ನರ್ಸುಗಳು ಓಡಾಡುವ ಜಾಗದಲ್ಲೇ, ಮೊಣಕಾಲೂರಿ ಗಟ್ಟಿಯಾಗಿ ಹರಕೆ ಹೊತ್ತಳು. ಸಾನ್ ಹುವಾನಿನ ತಾಯೀ, ಇವಳನ್ನು ಉಳಿಸಿಕೊಡು, ನಿನ್ನ ಗುಡಿಯ ಮುಂದಿನ ಚೌಕದ ಅಂಚಿನಿಂದ ಬಲಿಪೀಠದ ತನಕ ಬರಿಗಲ್ಲ ಮೇಲೆ ಮೊಣಕಾಲಲ್ಲಿ ಬರುತ್ತೇನೆ ಎಂದಳು. ಎಲ್ಲರೂ ಬಾಗಿಲಿನಿಂದ ಬರುತ್ತೇನೆ ಎಂದು ಹೊರುತ್ತಾರೆ. ಬುದ್ಧಿ ಇರುವವರು ಕಂಬಳಿ ಹಾಸಲು ಜಾಗವಿಟ್ಟುಕೊಂಡು ಹೊರುತ್ತಾರೆ. ಇವಳು ಭಯದಲ್ಲಿ ಬಾಯಿಗೆ ಬಂದಷ್ಟನ್ನೂ ಕೊಟ್ಟುಬಿಟ್ಟಳು. ಪಕ್ಕದಲ್ಲಿದ್ದ ನಾನು ಚಿವುಟಿದರೂ ನಿಲ್ಲಿಸಲಿಲ್ಲ.

ಮಗು ಉಳಿಯಿತು. ಹರಕೆ ಹಾಗೇ ನಿಂತಿತು. ನಮ್ಮ ಯಾರ ಹತ್ತಿರವೂ ಕಾಗದಪತ್ರ ಇರಲಿಲ್ಲ. ಗಡಿ ದಾಟಿ ಹೋದರೆ ವಾಪಸ್ ಬರುವುದು ನಮ್ಮ ಕೈಯಲ್ಲಿರಲಿಲ್ಲ. ಗಂಡ ಎನ್ನುವವನು ಉತ್ತರದ ತೋಟಗಳ ಕಡೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ, ಮಗುವನ್ನು ಯಾರ ಮಡಿಲಿಗೆ ಹಾಕಿ ಹೋಗುವುದು? ಪ್ರತಿ ಫೆಬ್ರವರಿಯಲ್ಲೂ ತಾಯಿಯ ಕಂದೆಲಾರಿಯಾ ಹಬ್ಬದ ದಿನ ಒಟಿಲಿಯಾ ಅಡುಗೆಮನೆಯ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಇನ್ನೂ ಸ್ವಲ್ಪ ತಾಳಿಕೋ ತಾಯೀ ಎಂದು ಬೇಡುತ್ತಿದ್ದಳು. ತಾಯಿ ತಾಳಿಕೊಂಡಳು. ಮೊಣಕಾಲುಗಳು ತಾಳಿಕೊಳ್ಳಲಿಲ್ಲ. ಬಾತ್‌ಟಬ್ಬಿನ ಅಂಚಿಗೆ ಬಾಗಿ, ಹಾಸಿಗೆ ಎತ್ತಿ ಬೆಡ್‌ಶೀಟು ಮಡಚಿ, ಅವು ಒಳಗೊಳಗೇ ತಿಂದುಹೋಗಿದ್ದವು.

ಕೊನೆಗೆ ಸರ್ಕಾರ ಕಾಗದಪತ್ರವಿಲ್ಲದವರಿಗೆ ಕ್ಷಮಾದಾನ ಎಂದಿತು, ಗಡಿ ದಾಟಿ ವಾಪಸ್ ಬರಲು ಕಾರ್ಡು ಕೊಟ್ಟಿತು. ಬರುವ ಫೆಬ್ರವರಿಗೆ ಹೋಗುವುದೆಂದು ತೀರ್ಮಾನವಾಯಿತು. ಸರಿಯಾಗಿ ಆ ಬೇಸಿಗೆಯಲ್ಲೇ ವಿಟ್ಲಾಕ್ ತನ್ನ ಕಪ್ಪು ಕಲ್ಲನ್ನು ಹೊತ್ತುಕೊಂಡು ಬಂದ.

ಊರಲ್ಲ ಎಂದಿದ್ದರೂ ಮೊದಲು ಅವಳೂ ಒಂದಷ್ಟು ದಿನ ಮೊಣಕಾಲೂರಿ ನೋಡಿದಳು, ಕೆಲಸ ಬಿಡುವ ಹಾಗಿರಲಿಲ್ಲವಲ್ಲ. ಬಲಗಾಲಿನ ಚಿಪ್ಪು ಹಿಟ್ಟಿನ ಮುದ್ದೆಯ ಹಾಗೆ ಊದಿತು. ಬಲವಂತವಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ನೀರು ತೆಗೆದು, ಇನ್ನು ಮೊಣಕಾಲೂರಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದರು. ಇನ್ನೊಂದೇ ಒಂದು ಸಲ ಊರಬಹುದಾ ಎಂದು ಇವಳು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆಂದು ಅವರು ನಕ್ಕರು. ಇವಳು ನಗಲಿಲ್ಲ. ಹೊರಗೆ ಬರುವಾಗಲೇ ಅವಳ ಲೆಕ್ಕ ಮುಗಿದಿತ್ತು. ಉಳಿದಿರುವ ಶಕ್ತಿ ಒಂದೇ ಸಲದ್ದು, ಅದನ್ನು ಬಚ್ಚಲುಮನೆಯಲ್ಲಿ ಕಳೆಯುವಂತಿಲ್ಲ.

ನನಗೆ ಸಿಟ್ಟು ಬಂತು. ಬಹುವಚನದಲ್ಲೇ ಝಾಡಿಸಿದೆ. ನಿಮ್ಮ ತಾಯಿ ಅಷ್ಟು ಕಟುಕಿಯೇ ಎಂದೆ. ನಮ್ಮ ಚರ್ಚಿನ ಪಾದ್ರಿಗಳ ಹತ್ತಿರ ಕರೆದುಕೊಂಡು ಹೋದೆ. ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಹರಕೆಯನ್ನು ಬದಲಾಯಿಸುವ ಅಧಿಕಾರ ತಮಗಿದೆ ಎಂದರು. ಮೊಣಕಾಲ ಬದಲು ಜಪಸರ ಹೇಳು, ಬಡವರಿಗೆ ಊಟ ಹಾಕು, ಸಾಕು ಎಂದರು. ನಾನು ಒಳಗೊಳಗೇ ಗೆದ್ದೆ ಎಂದುಕೊಂಡೆ.

"ಫಾದರ್, ನಾನು ಮಾತು ಕೊಟ್ಟಿದ್ದು ನಿಮಗಲ್ಲ" ಎಂದಳು ಒಟಿಲಿಯಾ. "ಬೇಡ ಅನ್ನೋದಾದ್ರೆ ಅವಳೇ ಬಂದು ಅನ್ನಲಿ."

ಮನೆಯಲ್ಲೂ ಜಗಳ. ನಯೇಲಿಗೆ ಆಗ ಹನ್ನೊಂದು ವರ್ಷ. ನಾವು ಸ್ಪ್ಯಾನಿಷಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಹೇಳುವ ವಯಸ್ಸು. ತನ್ನಮ್ಮ ಊರ ಜನರೆದುರು ಮೊಣಕಾಲಲ್ಲಿ ತೆವಳುವುದನ್ನು ನೆನೆಸಿಕೊಂಡರೇ ಅವಳಿಗೆ ಮೈ ಹಿಡಿಯಾಗುತ್ತಿತ್ತು. ನನ್ನನ್ನು ಉಳಿಸಿದ್ದು ಡಾಕ್ಟರು, ನನ್ನನ್ನು ಕೇಳಿ ಹರಕೆ ಹೊತ್ತೆಯಾ ಎಂದು ಒಂದು ದಿನ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಒಟಿಲಿಯಾ ಬೆಂದ ಬೀನ್ಸ್ ಕಾಳು ಕಿವುಚುವುದನ್ನು ನಿಲ್ಲಿಸದೆ, ಕೇಳೋಣ ಅಂದರೆ ನಿನಗೆ ಪ್ರಜ್ಞೆಯೇ ಇರಲಿಲ್ಲ ಎಂದಳು. ನನಗೆ ಇಬ್ಬರ ಮೇಲೂ ಪ್ರೀತಿ ಉಕ್ಕಿತು, ಇಬ್ಬರ ತಲೆಗೂ ಮೊಟಕಬೇಕು ಅನ್ನಿಸಿತು.

ಒಟಿಲಿಯಾ ಹಟಮಾರಿಯೇ ಹೊರತು ದಡ್ಡಿಯಲ್ಲ. ನಮ್ಮೂರಿನ ಹುಡುಗಿಯರು ನೆಲದ ಮೇಲೆ ಒದ್ದೆ ಗೋಣಿಬಟ್ಟೆ ಹಾಕಿ, ಅದರ ಮೇಲೆ ಕಾಲಿಟ್ಟು, ಜಾರುತ್ತಾ ಜಾರುತ್ತಾ ಅಂಗಳವನ್ನೆಲ್ಲ ಒರೆಸಿಬಿಡುತ್ತಾರೆ. ಅದನ್ನೇ ಅವಳು ಹೋಟೆಲಿಗೆ ತಂದಳು. ಎಡಗಾಲಡಿಗೆ ಒದ್ದೆ ಬಟ್ಟೆ, ಬಲಗಾಲಡಿಗೆ ಒಣ ಬಟ್ಟೆ, ಕೈ ಬೇಸಿನ್ನಿನ ಅಂಚಿನ ಮೇಲೆ. ಹಿಮ್ಮಡಿ ಒತ್ತಿ ಸೊಂಟ ತಿರುಗಿಸಿದರೆ ಕಪ್ಪು ಕಲ್ಲು ಒಂದು ಗೆರೆಯೂ ಇಲ್ಲದೆ ಹೊಳೆಯುತ್ತಿತ್ತು. ನೋಡಿದವರಿಗೆ ಮದುವೆಮನೆಯಲ್ಲಿ ಕುಣಿದ ಹಾಗೆ ಕಾಣಬೇಕು. ಮೊದಲು ನಾವೆಲ್ಲ ಬಾಗಿಲಲ್ಲಿ ನಿಂತು ಗೇಲಿ ಮಾಡಿದೆವು, ಯಾರ ಜೊತೆ ಕುಣಿತ ಕೊಮಾದ್ರೆ ಎಂದೆವು. ಆಮೇಲೆ ಒಬ್ಬೊಬ್ಬರಾಗಿ ನಾವೂ ಕುಣಿಯಲು ಶುರುಮಾಡಿದೆವು. ಮನೆಯ ಅಡುಗೆಕೋಣೆಯಲ್ಲೂ ಅವಳದು ಅದೇ ಅಭ್ಯಾಸವಾಯಿತು. ನಯೇಲಿ ಮೇಜಿನ ಹತ್ತಿರ ಪುಸ್ತಕ ಹಿಡಿದು ಮುಖ ಸಿಂಡರಿಸಿಕೊಂಡು ಕೂತಿರುತ್ತಿದ್ದಳು.

ಆದರೆ ಕಮೋಡಿನ ಹಿಂದೆ ಒಂದು ಮೂಲೆ ಇರುತ್ತದೆ. ಅಲ್ಲಿಗೆ ಕಾಲು ಹೋಗುವುದಿಲ್ಲ, ಕೈಯೇ ಹೋಗಬೇಕು. ಊರಿಗೆಲ್ಲ ಬೇಡವಾದ ಕೂದಲು ಬಂದು ಸೇರುವುದು ಅಲ್ಲೇ. ಒಟಿಲಿಯಾ ಕೋಟಿನ ಹ್ಯಾಂಗರು ಬಗ್ಗಿಸಿ, ತುದಿಗೆ ಬಟ್ಟೆ ಸುತ್ತಿ, ನಿಂತೇ ಆ ಮೂಲೆಯನ್ನು ಕೆದಕುತ್ತಿದ್ದಳು. ಹೆಚ್ಚಿನ ಸಲ ಸಾಗುತ್ತಿತ್ತು, ಒಂದು ಸಲ ಸಾಗಲಿಲ್ಲ. ಡೊನ್ಯಾ ಎರ್ಲಿಂಡಾಳ ಬೆರಳಿಗೆ ಕೂದಲು ಸಿಕ್ಕಿತು. ಸಿಕ್ಕಿದ ಹೊತ್ತಿಗೆ ಅವಳ ಹಿಂದೆಯೇ ವಿಟ್ಲಾಕ್ ಇದ್ದ. ಹೊಸ ಮಾರ್ಬಲ್ ಹೇಗೆ ಕಾಣುತ್ತಿದೆ ನೋಡೋಣವೆಂದು ಬಂದಿದ್ದನಂತೆ.

ನಾನು ಎದುರು ರೂಮಿನಲ್ಲಿದ್ದೆ. ದನಿ ಏರಿದ್ದು ಕೇಳಿ, ತಬ್ಬಿಕೊಂಡಿದ್ದ ಬೆಡ್‌ಶೀಟುಗಳ ಸಮೇತ ಬಾಗಿಲಿಗೆ ಬಂದು ನಿಂತೆ. ವಿಟ್ಲಾಕ್ ನೆಲದ ಮೇಲೆ ಬಿದ್ದಿದ್ದ ಎರಡು ಬಟ್ಟೆಗಳನ್ನು ನೋಡಿದ, ಬಗ್ಗಿಸಿದ ಹ್ಯಾಂಗರನ್ನು ನೋಡಿದ, ಎಲ್ಲ ಅರ್ಥವಾದವನಂತೆ ತಲೆಯಾಡಿಸಿದ. ಕೆಟ್ಟವನೇನೂ ಅಲ್ಲ, ಒಮ್ಮೆಯೂ ನೆಲ ಒರೆಸದವನು, ಅಷ್ಟೇ. ಬೆರಳು ನೀಡಿ ಮೂಲೆ ತೋರಿಸಿ ಏನೋ ಹೇಳಿದ.

"ಮೊಣಕಾಲೂರಿ ಈಗ್ಲೇ ಒರೆಸಿ ತೋರ್ಸು ಅಂತಿದಾರೆ" ಎಂದಳು ಡೊನ್ಯಾ ಎರ್ಲಿಂಡಾ. "ಇಲ್ದಿದ್ರೆ ಇವತ್ತೇ ಮನೆಗೆ ಹೋಗು ಅಂತಾರೆ." ಆಮೇಲೆ ದನಿ ತಗ್ಗಿಸಿ, "ಒಂದ್ಸಲ ಊರಿಬಿಡೇ ಪುಣ್ಯಾತಗಿತ್ತಿ. ತಾಯಿ ಕಣ್ಮುಚ್ಚಿಕೋತಾಳೆ" ಎಂದಳು.

ಒಟಿಲಿಯಾಗೆ ಭಯವಾಗಿರಲಿಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಬಾಡಿಗೆ, ಮಗಳ ಶಾಲೆ, ಎಲ್ಲ ಆ ಕೆಲಸದ ಮೇಲೇ ನಿಂತಿತ್ತು.

"ಇಷ್ಟು ವರ್ಷ ಅವಳನ್ನ ಕಾಯಿಸಿ, ಈಗ ಇವನ ಮುಂದೆ ಊರ್ಲಾ?" ಎಂದಳು. "ಹೇಳಿ ಅವನಿಗೆ. ಈ ಮೊಣಕಾಲು ಬೇರೆಯವರಿಗೆ ಕೊಟ್ಟಾಗಿದೆ ಅಂತ."

ಡೊನ್ಯಾ ಎರ್ಲಿಂಡಾ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದಳು. ವಿಟ್ಲಾಕನ ಹುಬ್ಬು ಗಂಟಾಯಿತು. ಬೇರೆಯವರೆಂದರೆ ಯಾವ ಹೋಟೆಲಿನವರು, ನಮ್ಮಲ್ಲಿ ಕೆಲಸ ಮಾಡುತ್ತಾ ಇನ್ನೊಂದು ಕಡೆಯೂ ಒಪ್ಪಿಕೊಂಡಿದ್ದಾಳಾ ಎಂದು ಕೇಳಿದ. ನನಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು, ನಗು ತಡೆಯಲು ಬೆಡ್‌ಶೀಟಿಗೆ ಮುಖ ಒತ್ತಿಕೊಂಡೆ.

"ಹೋಟೆಲ್ ಅಲ್ಲ ಸಾರ್" ಎಂದಳು ಡೊನ್ಯಾ ಎರ್ಲಿಂಡಾ, ಮುಖದ ಒಂದು ಗೆರೆಯೂ ಕದಲದೆ. "ನಿಮಗಿಂತ ಮುಂಚಿನ ಯಜಮಾನ್ತಿ. ಊರಲ್ಲಿದಾರೆ."

ಅವನು ಗಡಿಯಾರ ನೋಡಿಕೊಂಡ. ಊರುತ್ತಾಳೋ, ಹೋಗುತ್ತಾಳೋ ಎಂದ. ಒಟಿಲಿಯಾ ಬೆನ್ನಿಗೆ ಕೈ ಹಾಕಿ ಏಪ್ರನ್ನಿನ ಗಂಟು ಬಿಚ್ಚಿದಳು. ಅದನ್ನು ಬಿಸಾಡಲಿಲ್ಲ. ನಾವು ದಿಂಬಿನ ಚೀಲ ಮಡಚುವ ಹಾಗೆ ನಾಲ್ಕು ಮಡಿಕೆ ಮಾಡಿ, ಅಂಚು ಸರಿ ಮಾಡಿ, ಬೇಸಿನ್ನಿನ ಪಕ್ಕ ಇಟ್ಟಳು.

ಆಗ ಬೀಗದ ಕೈ ಗೊಂಚಲು ಕಲ್ಲಿಗೆ ಬಡಿದ ಸದ್ದು ಕೇಳಿಸಿತು. ಡೊನ್ಯಾ ಎರ್ಲಿಂಡಾ ಕೆಳಗೆ ಕೂತಿದ್ದಳು. ಇಸ್ತ್ರಿ ಮಾಡಿದ ಸ್ಕರ್ಟು, ತೊಗಲಿನ ಬಣ್ಣದ ಸ್ಟಾಕಿಂಗು, ಎಲ್ಲದರ ಸಮೇತ ಕಪ್ಪು ನೆಲಕ್ಕೆ ಮೊಣಕಾಲೂರಿ, ಒಟಿಲಿಯಾಳ ಕಾಲಡಿಯ ಬಟ್ಟೆಯನ್ನೇ ಎಳೆದುಕೊಂಡು, ಕಮೋಡಿನ ಹಿಂದೆ ಕೈ ತೂರಿಸಿ ಉಜ್ಜುತ್ತಿದ್ದಳು. ಏಳುವಾಗ ಕಷ್ಟವಾಯಿತು, ಕಮೋಡಿನ ಅಂಚು ಹಿಡಿದು ಎದ್ದಳು. ಸ್ಟಾಕಿಂಗು ಮೊಣಕಾಲಿನ ಹತ್ತಿರ ಹರಿದಿತ್ತು. ಮೂಲೆ ಆಯಿತು ಸಾರ್ ಎಂದಳು.

ವಿಟ್ಲಾಕ್ ಕೆಂಪಾದ. ಹಾಗಾದರೆ ಒರೆಸಲಾರದವರ ಮೂಲೆಗಳೆಲ್ಲ ಇನ್ನು ಮೇಲೆ ನಿನ್ನದೇ ಜವಾಬ್ದಾರಿ ಎಂದು ಹೇಳಿ ಹೊರಟುಹೋದ. ಅವನು ಲಿಫ್ಟಿನ ಹತ್ತಿರ ತಲುಪಿದ ಮೇಲೆ ಡೊನ್ಯಾ ಎರ್ಲಿಂಡಾ ಮಡಿಸಿಟ್ಟಿದ್ದ ಏಪ್ರನ್ ತೆಗೆದು ಒಟಿಲಿಯಾಳ ಎದೆಗೆ ಎಸೆದಳು.

"ಕಟ್ಕೋ. ನಮ್ಮಮ್ಮ ಪ್ಲಾತೆರೋಸಿನ ಗುಡಿಯ ಬಾಲಯೇಸುವಿಗೆ ಮೊಣಕಾಲಲ್ಲಿ ಹೋದಾಗ ಮುಂದೆ ಮುಂದೆ ಕಂಬಳಿ ಹಾಸ್ಕೊಂಡು ಹೋದವಳು ನಾನು. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಅಲ್ಲಿಂದ ದಿನವೂ ಮಧ್ಯಾಹ್ನ ಅವಳು ಒಟಿಲಿಯಾಳ ರೂಮುಗಳಿಗೆ ಬರತೊಡಗಿದಳು. ಒಂದು ಬಟ್ಟೆ ಹಿಡಿದು, ನಮ್ಮೆಲ್ಲರ ಕುಲವನ್ನೂ ಜಾಲಾಡುತ್ತಾ, ಒಂದೊಂದೇ ಮೂಲೆಗೆ ಮೊಣಕಾಲೂರುತ್ತಿದ್ದಳು. ಒಟಿಲಿಯಾ ಪಕ್ಕದಲ್ಲಿ ನಿಂತು ನಾಚಿಕೆಯಿಂದ ಕುಗ್ಗುತ್ತಿದ್ದಳು. ಬೇಡ ಡೊನ್ಯಾ ಎಂದರೆ, ನೀನು ನಿನ್ನ ಹರಕೆ ನೋಡಿಕೋ ಎಂಬ ಬೈಗುಳ ಸಿಗುತ್ತಿತ್ತು. ವಯಸ್ಸಾದ ಹೆಂಗಸು ಕಮೋಡಿನ ಅಂಚು ಹಿಡಿದು ಏಳುವುದನ್ನು ನಾವೆಲ್ಲ ಬಾಗಿಲಿನಿಂದ ನೋಡುತ್ತಿದ್ದೆವು. ಎಷ್ಟು ದಿನ ಅಂತ ನೋಡುವುದು?

ಒಂದು ಬೆಳಿಗ್ಗೆ ಗಾಡಿಗಳ ಕೋಣೆಯಲ್ಲಿ ಎಲ್ಲರೂ ಸೇರಿದ್ದಾಗ ನಾನೇ ಮೊದಲು ಬಾಯಿ ತೆಗೆದೆ. ಡೊನ್ಯಾ, ನಿನ್ನೆ ನಾನೂ ಹರಕೆ ಹೊತ್ತೆ, ನನ್ನ ಮೊಣಕಾಲು ಇನ್ನು ಮೇಲೆ ಸಂತ ಯೂದನದು ಎಂದೆ. ನನ್ನ ಪಕ್ಕದವಳು ತಲ್ಪಾದ ಮಾತೆಗೆ ಕೊಟ್ಟಿದ್ದೇನೆ ಎಂದಳು. ಅವಳ ಪಕ್ಕದವಳು ಚಾಲ್ಮಾದ ಕರ್ತನಿಗೆ. ಹೀಗೆ ಗೋಡೆಯುದ್ದಕ್ಕೂ ಒಬ್ಬೊಬ್ಬರಾಗಿ ಹೇಳುತ್ತಾ ಹೋದರು. ಸಂತರನ್ನೇ ಒಪ್ಪದ ಸಭೆಗೆ ಹೋಗುವ ನೋಯೆಮಿ ಕೂಡ ತನ್ನ ಮೊಣಕಾಲು ನೇರವಾಗಿ ದೇವರಿಗೇ, ನಡುವೆ ಯಾರೂ ಬೇಡ ಎಂದಳು. ಒಟಿಲಿಯಾ ಮೂಲೆಯಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

ಡೊನ್ಯಾ ಎರ್ಲಿಂಡಾ ಒಬ್ಬೊಬ್ಬಳ ಮುಖವನ್ನೂ ಬೀರುವಿನ ಮೇಲ್ಭಾಗ ನೋಡುವ ಹಾಗೆ ನೋಡಿದಳು. ಸುಳ್ಳು ಹರಕೆ ಹೊತ್ತರೆ ಕಾಲು ಸೇದಿಹೋಗುತ್ತದೆ, ನೆನಪಿರಲಿ ಎಂದಳು. ಆಮೇಲೆ ಸ್ಕರ್ಟು ಸರಿಮಾಡಿಕೊಂಡು ಲಿಫ್ಟು ಹತ್ತಿ ಮ್ಯಾನೇಜರ ಕೋಣೆಗೆ ಹೋದಳು. ಅಲ್ಲಿ ಏನು ನಡೆಯಿತೋ ಅವಳು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹೋಟೆಲು ತುಂಬ ಬಚ್ಚಲುಮನೆ, ಮೂಲೆಗೆ ಊರಲು ಇರುವುದು ತನ್ನೊಬ್ಬಳ ಮೊಣಕಾಲು, ಬೇಕಾದರೆ ನೀವೂ ಒಂದೆರಡು ಮಹಡಿ ವಹಿಸಿಕೊಳ್ಳಿ ಎಂದಿರಬೇಕು ಎನ್ನುವುದು ನನ್ನ ಊಹೆ. ಅದಾಗಿ ಕೆಲವು ದಿನಕ್ಕೆ ಮಾಪುಗಳು ಬಂದವು. ಹಳೆಯ ನೂಲಿನವಲ್ಲ, ಚಪ್ಪಟೆ ಹಲಗೆಗೆ ಬಟ್ಟೆ ಹೊದಿಸಿದ ಉದ್ದ ಕೋಲಿನವು, ಕಮೋಡಿನ ಹಿಂದಕ್ಕೂ ಹೋಗುವಂಥವು. ಅವನ್ನು ಹುಡುಕಿ ತರಿಸಿದ್ದು ತಾನೇ ಎಂದು ವಿಟ್ಲಾಕ್ ಹೇಳಿಕೊಂಡು ತಿರುಗಿದ. ತಿರುಗಲಿ ಬಿಡಿ. ನನ್ನ ಹರಕೆಯನ್ನು ಕೇಳಿಕೊಂಡು ಸಂತ ಯೂದ ಇದುವರೆಗೂ ಬಂದಿಲ್ಲ.

ಫೆಬ್ರವರಿ ಬಂತು. ನಾವು ಬಸ್ಸು ಹತ್ತುವ ಹಿಂದಿನ ದಿನ ಡೊನ್ಯಾ ಎರ್ಲಿಂಡಾ ನನ್ನನ್ನು ಬಟ್ಟೆ ಕೋಣೆಗೆ ಕರೆದು ಒಂದು ಗಂಟು ಕೊಟ್ಟಳು. ಬಾತ್‌ಟಬ್ಬಿನ ಮುಂದೆ ಹಾಸುವ ದಪ್ಪನೆಯ ಬಿಳಿ ಕಾಲೊರಸುಗಳು, ಹೋಟೆಲಿನ ಹೆಸರು ನೇಯ್ದವು. ಒಂದು ಕೈವಸ್ತ್ರ ಕಾಣೆಯಾದರೂ ಹೋಟೆಲನ್ನೇ ತಲೆಕೆಳಗು ಮಾಡುವ ಹೆಂಗಸು ಇವಳು.

"ಸವೆದಿದ್ದು, ಎಸೆಯೋದೇ ಇತ್ತು" ಎಂದಳು. ಒಂದೂ ಸವೆದಿರಲಿಲ್ಲ. "ಅವಳು ಬೇಡ ಅಂತಾಳೆ. ನೀನು ಹಾಸು."

ಸಾನ್ ಹುವಾನಿನಲ್ಲಿ ಹಬ್ಬದ ಜನ ಎಂದರೆ ಕಾಲಿಡಲು ಜಾಗವಿರುವುದಿಲ್ಲ. ದೂರದೂರಿನಿಂದ ನಡೆದು ಬಂದವರು ಗೋಡೆಗೊರಗಿ ಮಲಗಿದ್ದರು. ತಮಾಲೆ ಕಡುಬಿನ ಹಬೆ, ಮೇಣದ ವಾಸನೆ, ಪಟಾಕಿ ಹೊಗೆ. ಒಟಿಲಿಯಾ ಏನನ್ನೂ ನೋಡಲಿಲ್ಲ. ಚೌಕದ ಅಂಚಿಗೆ ಬಂದು, ಶಾಲನ್ನು ಎದೆಗೆ ಬಿಗಿದು, ಲಂಗ ಮೇಲೆತ್ತಿ, ಬರಿಗಲ್ಲಿಗೆ ಮೊಣಕಾಲೂರಿದಳು. ಇಷ್ಟು ವರ್ಷ ಜೋಪಾನ ಮಾಡಿದ್ದನ್ನು ಕೊನೆಗೂ ಕೊಡಲು ಹೊರಟವಳ ಮುಖ ಅದು. ನಾನು ಒಂದು ಕಾಲೊರಸು ತೆಗೆದು ಅವಳ ಮುಂದೆ ಹಾಸಿದೆ. ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು.

"ಬರಿಗಲ್ಲು ಅಂದಿದ್ದೆ ಕೊಮಾದ್ರೆ."

"ನಿಮ್ಮ ತಲೇನೂ ಅದೇ ಕಲ್ಲು" ಎಂದೆ, ಬಹುವಚನ ಬಿಡದೆ. ಇನ್ನೊಂದು ಹಾಸಿದೆ. ಅದನ್ನೂ ಸರಿಸಿದಳು. ಅಕ್ಕಪಕ್ಕದಲ್ಲಿ ಹಾಗೆಯೇ ಹೊರಟಿದ್ದವರಿಗೆ ಗಂಡಂದಿರು ಕಂಬಳಿ ಹಾಸುತ್ತಿದ್ದರು, ಗುರುತಿಲ್ಲದವರೂ ರಟ್ಟು ತಂದು ಹಾಸುತ್ತಿದ್ದರು. ಇವಳು ಮಾತ್ರ ಕಲ್ಲಿನ ಮೇಲೇ ಹೋದಳು. ನಯೇಲಿ ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಂಡು, ಕೈ ಕಟ್ಟಿಕೊಂಡು, ನಮಗೂ ತನಗೂ ಸಂಬಂಧವಿಲ್ಲದವಳ ಹಾಗೆ ದೂರದಲ್ಲಿ ನಡೆಯುತ್ತಿದ್ದಳು.

ಬಾಗಿಲ ತನಕ ಸಾಗಿತು. ಬಾಗಿಲು ದಾಟಿ ಸ್ವಲ್ಪ ದೂರಕ್ಕೆ ಬಲಗಾಲು ಕೈಕೊಟ್ಟಿತು. ಒಟಿಲಿಯಾ ಮುಂದಕ್ಕೆ ಬಿದ್ದು ಅಂಗೈ ಊರಿದಳು. ಮೊಣಕಾಲಿನ ಚರ್ಮ ಒಡೆದು ರಕ್ತ ಕಲ್ಲಿಗೆ ಹತ್ತಿತ್ತು. ಯಾರೋ ದೊಡ್ಡ ಮನುಷ್ಯ ಎಬ್ಬಿಸಲು ಬಗ್ಗಿದ, ಇವಳು ತಲೆಯಲ್ಲಾಡಿಸಿದಳು. ಎದ್ದರೆ ಹರಕೆ ಮುರಿಯುತ್ತದೆ. ಮುಂದೆ ಹೋಗಲು ಕಾಲು ಬರುತ್ತಿಲ್ಲ. ಬಲಿಪೀಠದ ದೀಪಗಳು ಅಲ್ಲೇ ಕಾಣುತ್ತಿದ್ದವು. ನಾನು ಸಾನ್ ಹುವಾನಿನ ತಾಯಿಯನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ, ಅವಳಿಗೆ ಬಹುವಚನ ಕೊಡಲಿಲ್ಲ.

ನಯೇಲಿ ಜನರನ್ನು ತಳ್ಳಿಕೊಂಡು ಬಂದಳು. ಕಿವಿಯ ತಂತಿ ಕುತ್ತಿಗೆಗೆ ಜೋತಿತ್ತು. ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಸ್ಪ್ಯಾನಿಷ್ ಬಂತು.

"ಸಾಕಮ್ಮ. ನಾನು ಬದುಕಿದೀನಲ್ಲ. ನೋಡು, ಇಲ್ಲೇ ಇದೀನಿ."

"ಅದಕ್ಕೇ ಕಣೇ" ಎಂದಳು ಒಟಿಲಿಯಾ.

ಹುಡುಗಿ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ತಾನೂ ಜೀನ್ಸಿನ ಮೊಣಕಾಲನ್ನು ಕಲ್ಲಿಗೂರಿ, ಅಮ್ಮನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಇಬ್ಬರೂ ಹೊರಟರು. ನಿಲ್ಲುತ್ತಾ, ಉಸಿರು ತೆಗೆದುಕೊಳ್ಳುತ್ತಾ, ಮತ್ತೆ ಹೊರಡುತ್ತಾ ಬಲಿಪೀಠದ ಮೆಟ್ಟಿಲು ಮುಟ್ಟಿದರು. ಒಟಿಲಿಯಾ ಆ ಪುಟ್ಟ ಮೂರ್ತಿಯ ಕಡೆ ಮುಖವೆತ್ತಿ, ಕರಕೊಂಡು ಬಂದಿದೀನಿ ನೋಡು ತಾಯಿ ಎಂದಳು. ನಾನು ಅತ್ತೆ. ಸುತ್ತಲಿನವರು ನೋಡಿದರೂ ಅತ್ತೆ.

ಅವಳನ್ನು ಎತ್ತಿ ಪಕ್ಕದ ಬೆಂಚಿನ ಮೇಲೆ ಕೂರಿಸಿದೆವು. ಅವಳು ಉಸಿರು ಸುಧಾರಿಸಿಕೊಂಡು, ಬಂದ ದಾರಿಯ ಕಡೆ ತಿರುಗಿ ನೋಡಿದಳು. ಬಿಳಿಯ ಹಾಸುಗಲ್ಲಿನ ಮೇಲೆ ಬಾಗಿಲಿನ ಕಡೆಯಿಂದ ಮೆಟ್ಟಿಲ ತನಕ ಅಲ್ಲಲ್ಲಿ ರಕ್ತದ ಕಲೆ ಉಳಿದಿತ್ತು. ಅವಳ ಕಣ್ಣು ಬದಲಾದದ್ದನ್ನು ನಾನು ನೋಡಿದೆ. ಹರಕೆ ತೀರಿಸಿದವಳ ಕಣ್ಣು ಹೋಗಿ ರೂಮು ಬಿಡುವ ಮುಂಚೆ ಬಾಗಿಲಲ್ಲಿ ನಿಂತು ಕೊನೆಯದಾಗಿ ನೋಡುವ ನಮ್ಮ ಕಣ್ಣು ಬಂದಿತ್ತು. ಶಾಲಿನ ತುದಿಯನ್ನು ಎಂಜಲಿನಿಂದ ಒದ್ದೆ ಮಾಡಿಕೊಂಡು ಬೆಂಚಿನಿಂದ ಕೆಳಗಿಳಿಯಲು ಹೊರಟಳು.

"ಬಿಡಮ್ಮ" ಎಂದಳು ನಯೇಲಿ. "ಯಾರಾದ್ರೂ ಬಂದು ಒರೆಸ್ತಾರೆ."

"ಆ ಯಾರೋ ಒಬ್ಬಳಿಗೂ ಮೊಣಕಾಲಿರುತ್ತೆ ಮಗಳೇ."

ನಯೇಲಿ ನನ್ನ ಕಡೆ ಕೈ ಚಾಚಿದಳು. ಏನು ಬೇಕೆಂದು ತಿಳಿಯದೆ ಗಂಟನ್ನೇ ಕೊಟ್ಟೆ. ಡೊನ್ಯಾ ಎರ್ಲಿಂಡಾಳ ಕಾಲೊರಸೊಂದನ್ನು ತೆಗೆದು, ನೀರಿನ ಬಾಟಲಿಯಿಂದ ಒದ್ದೆ ಮಾಡಿ, ಬಾಗಿಲಿನ ಹತ್ತಿರದ ಮೊದಲ ಕಲೆಯ ಮೇಲೆ ಹಾಕಿದಳು. ಶೂ ಬಿಚ್ಚಿಟ್ಟು ಅದರ ಮೇಲೆ ಎಡಗಾಲಿಟ್ಟಳು. ಒಣದೊಂದನ್ನು ಬಲಗಾಲಿನ ಕೆಳಗೆ ಹಾಕಿಕೊಂಡಳು. ಸಾಲು ಬೆಂಚುಗಳ ಅಂಚು ಹಿಡಿದು ಸೊಂಟ ತಿರುಗಿಸುತ್ತಾ, ಜಾರುತ್ತಾ ಜಾರುತ್ತಾ ನಮ್ಮ ಕಡೆ ಬರತೊಡಗಿದಳು. ಮೇಣದಬತ್ತಿ ಸರಿಪಡಿಸುತ್ತಿದ್ದ ಚರ್ಚಿನ ಮುದುಕ ಬಾಯಿ ತೆರೆದು ನಿಂತ. ಅವನ ಕಡೆ ನಾನು ಕಣ್ಣು ಕೆಕ್ಕರಿಸಿದೆ.

ಒಟಿಲಿಯಾ ಬೆಂಚಿನ ಮೇಲೆ ಊದಿದ ಕಾಲು ಚಾಚಿಕೊಂಡು, ಕಣ್ಣೊರೆಸಿಕೊಳ್ಳುತ್ತಾ, ಅವಳು ಬರುವುದನ್ನೇ ನೋಡುತ್ತಿದ್ದಳು.

"ಹಿಮ್ಮಡಿ ಒತ್ತು" ಎಂದಳು. "ಗೆರೆ ಉಳೀಬಾರದು."